ನಮ್ಮ ಜಗಳ ನಮ್ಮ ಭಾಷೆಯಲ್ಲೇ ಮುಗಿಯಲಿ: ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಎರ್ನಾಕುಳದಲ್ಲಿರುವ ಕೇರಳ ರಾಜ್ಯ ಮಧ್ಯಸ್ಥಿಕೆ ಮತ್ತು ಸಂಧಾನ ಕೇಂದ್ರದ ಹಿರಿಯರಿಗೆ, ಕಾಸರಗೋಡು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರಿಗೆ, ಹಾಗೆಯೇ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು ದಣಿದಿರುವ ನನ್ನ ಊರಿನವರಿಗೆ,

ನಮಸ್ಕಾರ.

ನಾನು ಮಂಜೇಶ್ವರ ತಾಲೂಕಿನ ಒಂದು ಹಳ್ಳಿಯವಳು. 31 ವರ್ಷ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದು 2019ರಲ್ಲಿ ನಿವೃತ್ತಳಾದೆ. ಕಾನೂನು ಓದಿದವಳಲ್ಲ. ಆದರೆ ಒಂದು ಕೇಸನ್ನು ಒಂಬತ್ತು ವರ್ಷ ಹೊತ್ತುಕೊಂಡಿದ್ದೇನೆ. ಅದು ಹೇಗೆ ಮುಗಿಯಿತು ಎಂದು ಹೇಳಬೇಕು. ಆಮೇಲೆ ನಮ್ಮ ಭಾಷೆಯಲ್ಲೇ ಮಧ್ಯಸ್ಥಿಕೆ ಸಿಗಲಿ ಎಂದು ನಿಮ್ಮಲ್ಲಿ ಕೇಳಬೇಕು.

ನಮ್ಮ ಜಗಳ ಒಂದು ಸುರಂಗದ ನೀರಿನದ್ದು. ಎರ್ನಾಕುಳದವರಿಗೆ ಸುರಂಗ ಎಂದರೆ ರೈಲು ಹೋಗುವ ದಾರಿ ನೆನಪಾಗಬಹುದು. ನಮ್ಮಲ್ಲಿ ಅದು ನೀರಿನ ಗುಹೆ. ಗುಡ್ಡದ ಮುರಕಲ್ಲನ್ನು ಪಿಕ್ಕಾಸಿನಿಂದ ಅಡ್ಡಕ್ಕೆ ಕೊರೆಯುತ್ತಾ ಹೋಗುತ್ತಾರೆ. ಒಬ್ಬ ಮನುಷ್ಯ ಬಗ್ಗಿಕೊಂಡು ಹೋಗುವಷ್ಟು ಜಾಗ. ಒಳಗೆ ಗಾಳಿ ಇದೆಯೋ ಇಲ್ಲವೋ ಎಂದು ದೀಪ ಹಿಡಿದು ನೋಡುತ್ತಾರೆ. ನೀರು ಸಿಕ್ಕಿದರೆ ಪಂಪು ಬೇಡ, ಕರೆಂಟು ಬೇಡ, ಅದೇ ಹರಿದು ಅಂಗಳಕ್ಕೆ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುತ್ತದೆ. ಆದರೂ ಮಾರ್ಚ್ ಬಂದರೆ ಬಾವಿ ಬತ್ತುತ್ತದೆ. ಆಗ ಗುಡ್ಡದ ಬದಿಯ ಮನೆಗಳಿಗೆ ಸುರಂಗವೇ ಜೀವ. ನಮ್ಮದು ಎಂಬತ್ತು ಕೋಲು ಉದ್ದದ್ದು, ನನ್ನ ಗಂಡನ ಅಜ್ಜ ತೋಡಿಸಿದ್ದು.

1974ರಲ್ಲಿ ಮನೆ ಪಾಲಾಯಿತು. ಮೇಲಿನ ಜಾಗ ದೊಡ್ಡಮಾವನಿಗೆ, ಕೆಳಗಿನದ್ದು ನನ್ನ ಮಾವನಿಗೆ. ಸುರಂಗ ಮೇಲಿನ ಜಾಗದಲ್ಲಿ ಉಳಿಯಿತು. ಪಾಲುಪತ್ರ ಕನ್ನಡದಲ್ಲಿತ್ತು. ಅದರಲ್ಲಿ ಒಂದು ಸಾಲು ಹೀಗಿತ್ತು: "ಸುರಂಗದ ನೀರನ್ನು ಮಾಮೂಲು ಪ್ರಕಾರ ಉಭಯತ್ರರೂ ಅನುಭವಿಸತಕ್ಕದ್ದು."

ಈ "ಮಾಮೂಲು" ಎಂಬ ಒಂದು ಶಬ್ದ ನಮ್ಮ ಎರಡು ಮನೆಯ ನೆಮ್ಮದಿ ತೆಗೆಯಿತು.

2013ರ ಬೇಸಿಗೆಯಲ್ಲಿ ಮೇಲಿನ ಮನೆಯ ಭಾವ ನಮ್ಮ ಪೈಪು ಮುಚ್ಚಿದರು. ಭಾವ ಎಂದರೆ ದೊಡ್ಡಮಾವನ ಮಗ, ನನ್ನ ಗಂಡನಿಗೆ ಅಣ್ಣ. ನನ್ನ ಗಂಡ ಮುನ್ಸಿಫ್ ಕೋರ್ಟಿಗೆ ಹೋದರು. ಇಂಜಂಕ್ಷನ್ ಅರ್ಜಿ, ಅದಕ್ಕೆ ತಕರಾರು, ಕೋರ್ಟು ಕಳಿಸಿದ ಕಮಿಷನರ್ ಬಂದು ಜಾಗದ ಅಳತೆ, ಆ ವರದಿಗೆ ಮತ್ತೊಂದು ತಕರಾರು. ವಾಯಿದೆಯ ಮೇಲೆ ವಾಯಿದೆ. ಪಾಲುಪತ್ರ ಇಂಗ್ಲಿಷಿಗೆ ಅನುವಾದವಾಯಿತು. ಮಾಮೂಲು ಎಂದರೆ ಸಮ ಪಾಲು ಎಂದು ನಮ್ಮ ವಕೀಲರು. ಜಾಗ ಎಷ್ಟಿದೆಯೋ ಅದರ ಲೆಕ್ಕದಲ್ಲಿ ಪಾಲು ಎಂದು ಅವರ ವಕೀಲರು. 2018ರಲ್ಲಿ ನನ್ನ ಗಂಡ ತೀರಿಕೊಂಡರು. ಕೇಸು ತೀರಲಿಲ್ಲ. ವಾರಸುದಾರಳು ಎಂದು ನನ್ನ ಹೆಸರು ಸೇರಿತು. ಆಮೇಲೆ ಕೊರೋನಾ ಬಂತು.

ಆ ವರ್ಷಗಳಲ್ಲಿ ಎರಡು ಮನೆಗಳ ನಡುವೆ ಮಾತಿರಲಿಲ್ಲ. ನನ್ನ ಗಂಡನ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಭಾವ ಬರಲಿಲ್ಲ. ಅವರ ಮಗಳ ಮದುವೆಗೆ ನಾವು ಹೋಗಲಿಲ್ಲ. ಅವರ ಮೊಮ್ಮಗು ಅಳುವುದು ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ಆ ಮಗುವಿನ ಮುಖ ನಾನು ನೋಡಿರಲಿಲ್ಲ.

2022ರಲ್ಲಿ ನ್ಯಾಯಾಧೀಶರು ಕೇಸನ್ನು ಮಧ್ಯಸ್ಥಿಕೆಗೆ ಕಳಿಸಿದರು. ನನಗೆ ಅದು ಎಂತ ಎಂದೇ ಗೊತ್ತಿರಲಿಲ್ಲ. ಸುಮ್ನೆ ಇನ್ನೊಂದು ವಾಯಿದೆ ಎಂದುಕೊಂಡು ಹೋದೆ.

ಹೋದಲ್ಲಿ ಕಟಕಟೆ ಇರಲಿಲ್ಲ, ಎತ್ತರದ ಕುರ್ಚಿ ಇರಲಿಲ್ಲ. ಒಂದು ಮೇಜು, ಸುತ್ತ ಕುರ್ಚಿಗಳು. ಮಧ್ಯಸ್ಥರು ಒಬ್ಬರು ಮಹಿಳಾ ವಕೀಲರು. "ಬನ್ನಿ ಟೀಚರ್, ಕೂತ್ಕೊಳ್ಳಿ. ಕನ್ನಡ ಆಗಬಹುದಾ, ತುಳು ಆಗಬೇಕಾ?" ಎಂದು ಕೇಳಿದರು. ನಾನು ಕೂತೆ. ಒಂಬತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ.

ನನಗೆ ಮಲಯಾಳಂ ಬರುವುದಿಲ್ಲ ಎಂದಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ವಿಲೇಜ್ ಆಫೀಸಿನಲ್ಲಿ ಸುಧಾರಿಸುವಷ್ಟು ಬರುತ್ತದೆ. ಒಳ್ಳೆಯ ಭಾಷೆ, ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ಸತ್ತ ಗಂಡನ ವಿಷಯ ಹೇಳುವಾಗ, ಭಾವನ ಮೇಲಿನ ಬೇಸರ ಹೇಳುವಾಗ ಆ ಭಾಷೆಯಲ್ಲಿ ನನ್ನ ನಾಲಿಗೆ ತಿರುಗುವುದಿಲ್ಲ.

ಮಧ್ಯಸ್ಥರು ಮೊದಲಿಗೆ ಕೆಲವು ವಿಷಯ ಬಿಡಿಸಿ ಹೇಳಿದರು: "ನಾನು ತೀರ್ಪು ಕೊಡುವವಳಲ್ಲ. ಯಾರು ಸರಿ ಯಾರು ತಪ್ಪು ಎಂದು ಹೇಳುವುದು ನನ್ನ ಕೆಲಸ ಅಲ್ಲ. ಇಲ್ಲಿ ಆಡಿದ ಮಾತು ಇಲ್ಲಿಂದ ಹೊರಗೆ ಹೋಗುವುದಿಲ್ಲ, ಕೋರ್ಟಿನಲ್ಲಿ ಸಾಕ್ಷಿಯೂ ಆಗುವುದಿಲ್ಲ. ರಾಜಿ ಆಗದಿದ್ದರೆ 'ಆಗಲಿಲ್ಲ' ಎಂದಷ್ಟೇ ಬರೆದು ಕಳಿಸುತ್ತೇನೆ, ಯಾರಿಂದ ಆಗಲಿಲ್ಲ ಎಂದು ಬರೆಯುವುದಿಲ್ಲ. ನಿಮಗೆ ಬೇಡ ಅನಿಸಿದರೆ ಎದ್ದು ಹೋಗಬಹುದು, ಕೇಸು ಎಲ್ಲಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ."

ಗುಟ್ಟಿನ ಮಾತು ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಒಳಗೆ ನಡೆದದ್ದನ್ನು ಹೀಗೆ ಬರೆಯುವ ಮೊದಲು ನಾನು ಭಾವನನ್ನೂ ಅಕ್ಕನನ್ನೂ, ಅಂದರೆ ಭಾವನ ಹೆಂಡತಿಯನ್ನೂ, ಕೇಳಿದೆ. "ಊರಿನ ಹೆಸರು ಹಾಕಬೇಡ, ಉಳಿದದ್ದು ಬರೆ. ಯಾರಿಗಾದರೂ ಉಪಕಾರ ಆದೀತು" ಎಂದರು ಭಾವ.

ಆ ದಿನ ನಾನೂ ಭಾವನೂ ಎದುರೆದುರು ಕೂತು ಹಳೆಯದನ್ನೆಲ್ಲ ಎತ್ತಿ ಆಡಿದೆವು. ಮಧ್ಯಸ್ಥರು ತಡೆಯಲಿಲ್ಲ. ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಬಾಯಿ ಹಾಕಿದಾಗ ಮಾತ್ರ ಕೈ ಎತ್ತುತ್ತಿದ್ದರು. ಆಮೇಲೆ ನಮ್ಮಿಬ್ಬರನ್ನು ಬೇರೆ ಬೇರೆಯಾಗಿ ಕೂರಿಸಿಕೊಂಡು ಮಾತಾಡಿದರು. ಭಾವನ ಜತೆ ಒಂದು ಗಂಟೆಯ ಮೇಲಾಯಿತು. ಹೊರಗೆ ಬೆಂಚಿನಲ್ಲಿ ಕೂತು ನನಗೆ ಸಿಟ್ಟು ಬಂತು, ಇವರು ಅವರ ಕಡೆಗೆ ವಾಲಿದರೇನೋ ಎಂದು. ನನ್ನ ಸರದಿ ಬಂದಾಗ ನನಗೂ ಅಷ್ಟೇ ಹೊತ್ತು ಕೊಟ್ಟರು. ಆ ಹೊತ್ತಿನಲ್ಲಿ ನಾನು ಅತ್ತುಬಿಟ್ಟೆ. ಅವರು ನೀರಿನ ಗ್ಲಾಸು ಮುಂದಿಟ್ಟು ಸುಮ್ಮನೆ ಕೂತರು. "ಅಳಬೇಡಿ" ಎನ್ನಲಿಲ್ಲ. ಅವರು ನಡುವೆ ಒಂದು ಮಾತು ಹೇಳಿದ್ದರೂ ನಾನು ಕಣ್ಣೊರೆಸಿಕೊಂಡು ಬೇರೆ ಏನೋ ಹೇಳಿ ಎದ್ದು ಬರುತ್ತಿದ್ದೆ.

ಅಂದು ಹೊರಡುವಾಗ ಅವರು ಕೇಳಿದ ಪ್ರಶ್ನೆ ಒಂದೇ. "ಏಪ್ರಿಲಿನಲ್ಲಿ ನಿಮ್ಮ ಸುರಂಗದಿಂದ ದಿನಕ್ಕೆ ಎಷ್ಟು ಕೊಡಪಾನ ನೀರು ಬರುತ್ತದೆ?"

ಇಬ್ಬರಿಗೂ ಗೊತ್ತಿರಲಿಲ್ಲ. ಅಷ್ಟು ದಪ್ಪದ ಕಡತದಲ್ಲಿ ಆ ಲೆಕ್ಕ ಎಲ್ಲೂ ಇರಲಿಲ್ಲ. "ಇಬ್ಬರೂ ಒಟ್ಟಿಗೆ ಹೋಗಿ ಅಳೆದು ಬನ್ನಿ" ಎಂದರು.

ಹೀಗೆ ಒಂಬತ್ತು ವರ್ಷದ ಮೇಲೆ ನಾನು ಆ ಸುರಂಗದ ಬಾಯಿಯಲ್ಲಿ ನಿಂತೆ. ಭಾವ ಕೊಡಪಾನ ಹಿಡಿದರು. ನಾನು ಗಡಿಯಾರ ನೋಡಿದೆ. ಒಂದು ಕೊಡಪಾನ ತುಂಬಲು ನಾಲ್ಕು ನಿಮಿಷ. ಗಂಟೆಗೆ 15. ದಿನಕ್ಕೆ 360. ಆಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಭಾವನ ಟಾಂಕಿ ರಾತ್ರಿ ಹನ್ನೊಂದಕ್ಕೇ ತುಂಬುತ್ತಿತ್ತು. ಅಲ್ಲಿಂದ ಬೆಳಗ್ಗೆ ಐದರ ತನಕ ಆರು ಗಂಟೆಯ ನೀರು, ಅಂದರೆ 90 ಕೊಡಪಾನ, ಚೆಲ್ಲಿ ತೋಡಿಗೆ ಹೋಗುತ್ತಿತ್ತು. ನನ್ನ ಮನೆಗೆ, ಎರಡು ದನಕ್ಕೆ, ಹಿತ್ತಲಿನ ನಾಲ್ಕು ಬಸಳೆ ಬಳ್ಳಿಗೆ 40 ಇದ್ದರೆ ಧಾರಾಳ.

ಒಂಬತ್ತು ವರ್ಷ ನಾವು ಕಾದಾಡಿದ ನೀರು ರಾತ್ರಿಯೆಲ್ಲ ತೋಡಿಗೆ ಹರಿದುಹೋಗುತ್ತಿತ್ತು!

ಎರಡನೇ ಸಲ ಹೋಗುವಾಗ ಅಕ್ಕ ಜತೆಗೆ ಬಂದಿದ್ದರು. ಕೇಸಿನಲ್ಲಿ ಅವರ ಹೆಸರೇ ಇಲ್ಲ. ಯಾರ ಪಟ್ಟಿಯಲ್ಲೂ ಅವರು ಸಾಕ್ಷಿ ಅಲ್ಲ. ಮಧ್ಯಸ್ಥರು "ನೀವು ಆ ಮನೆಗೆ ಮದುವೆಯಾಗಿ ಬಂದಾಗ ನೀರು ಹೇಗೆ ಹಂಚುತ್ತಿದ್ದರು?" ಎಂದು ಕೇಳಿದರು. ಅಕ್ಕ ಏನೂ ಯೋಚಿಸದೆ ಹೇಳಿದರು: "ರಾತ್ರಿ ಊಟ ಆದ ಮೇಲೆ ದಂಬೆ ಕೆಳಗಿನ ಮನೆಗೆ ತಿರುಗಿಸಿ ಬಾ ಅಂತ ಅತ್ತೆ ನನ್ನನ್ನೇ ಕಳಿಸುತ್ತಿದ್ದರು. ಬೆಳಗ್ಗೆ ದನ ಕರೆಯುವ ಹೊತ್ತಿಗೆ ವಾಪಸು ತಿರುಗಿಸಬೇಕು."

ಅಡಿಕೆ ಮರ ಸೀಳಿ ಮಾಡಿದ ದಂಬೆ ಅದು. ಪೈಪು ಬರುವ ಮೊದಲು ನೀರು ಅದರಲ್ಲೇ ಹರಿಯುತ್ತಿತ್ತು. ಪಾಲುಪತ್ರ ಬರೆದವರಿಗೆ ಮಾಮೂಲು ಎಂದರೆ ಅಷ್ಟೇ. ರಾತ್ರಿ ನೀರು ಕೆಳಗಿನ ಮನೆಗೆ, ಹಗಲು ನೀರು ಮೇಲಿನ ಮನೆಗೆ. ಅಕ್ಕ ಅದನ್ನು ಬಲ್ಲವರು. ಅವರು ಅಡುಗೆಮನೆಯಲ್ಲೇ ಇದ್ದರು, ಯಾರೂ ಕೇಳಿರಲಿಲ್ಲ. ಅವರು ಇದನ್ನು ಕನ್ನಡದಲ್ಲಿ ಹೇಳಿದರು. ದಂಬೆ ತಿರುಗಿಸುವುದು ಎಂಬುದನ್ನು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಹೇಳು ಎಂದಿದ್ದರೆ ಅಕ್ಕ "ನನಗೆ ಗೊತ್ತಿಲ್ಲ" ಎಂದು ಸುಮ್ಮನಾಗುತ್ತಿದ್ದರು. ಅವರ ಸ್ವಭಾವ ನನಗೆ ಗೊತ್ತು.

ಇಷ್ಟಾದರೂ ಭಾವನ ಮುಖ ಸಡಿಲಾಗಲಿಲ್ಲ. ಅವರ ಒಳಗಿದ್ದ ನೋವು ಬೇರೆಯೇ ಆಗಿತ್ತು. ಮಧ್ಯಸ್ಥರಿಗೆ ಅದನ್ನು ಗುಟ್ಟಿನಲ್ಲಿ ಹೇಳಿದ್ದರು. ಮಧ್ಯಸ್ಥರು ಭಾವನ ಒಪ್ಪಿಗೆ ಪಡೆದು ಆಮೇಲೆ ನನ್ನ ಎದುರಿಗೇ ಹೇಳಿಸಿದರು. 2009ರ ಮಳೆಗಾಲದಲ್ಲಿ ಸುರಂಗದ ಒಳಗೆ ಕುಸಿದಿತ್ತು. ಭಾವ 48 ಸಾವಿರ ಖರ್ಚು ಮಾಡಿ ಕೆಲಸದವರನ್ನು ಇಳಿಸಿದರು. ಅವರ ಜತೆ ತಾನೂ ಮಣ್ಣು ಹೊತ್ತರು. ನಮ್ಮ ಮನೆಯಿಂದ ಒಂದು ರೂಪಾಯಿ ಹೋಗಲಿಲ್ಲ. "ಹಣ ಬೇಡ ಮಾರಾಯ್ರೆ. ತಮ್ಮ ಒಂದು ದಿನ ಬಂದು ಎಂತ ಆಯ್ತು ಅಣ್ಣ ಅಂತ ಕೇಳಲಿಲ್ಲ" ಎಂದರು ಭಾವ.

ಅದಕ್ಕೆ ಕಾರಣ ನನಗೆ ಗೊತ್ತಿತ್ತು. ಆ ವರ್ಷ ಮನೆಯ ಸಾಲ ಕುತ್ತಿಗೆ ತನಕ ಬಂದಿತ್ತು. ನನ್ನ ಗಂಡನ ಕೈಯಲ್ಲಿ ಕಾಸಿರಲಿಲ್ಲ. "ಬರಿ ಕೈಯಲ್ಲಿ ಅಣ್ಣನ ಎದುರು ಹೇಗೆ ನಿಲ್ಲುವುದು" ಎಂದು ನಾಚಿಕೆಯಿಂದ ಹೋಗಲಿಲ್ಲ. ನಾನು ಅದನ್ನು ಹೇಳಿದೆ. ಸತ್ತವರ ಪರವಾಗಿ ಹೇಳಿದೆ. ಭಾವ ತುಂಬ ಹೊತ್ತು ಮೇಜಿನ ಮೇಲೆ ಕೈಯಿಟ್ಟು ಕೂತಿದ್ದರು.

ನಾಲ್ಕನೇ ಸಲ ಹೋದಾಗ ಕಾಗದವಾಯಿತು. ರಾತ್ರಿ ಹತ್ತರಿಂದ ಬೆಳಗ್ಗೆ ಐದರ ತನಕ ನೀರು ಕೆಳಗಿನ ಮನೆಗೆ. ಗೇಟ್ ವಾಲ್ವ್ ಎಲ್ಲಿ ಕೂರಿಸಬೇಕು, ಯಾರು ತಿರುಗಿಸಬೇಕು, ವರ್ಷಕ್ಕೊಮ್ಮೆ ಸುರಂಗದ ಮಣ್ಣು ತೆಗೆಯುವ ಖರ್ಚನ್ನು ಹೇಗೆ ಹಂಚಬೇಕು, ನಾಳೆ ಮಕ್ಕಳು ಜಾಗ ಮಾರಿದರೆ ಕೊಂಡವರಿಗೂ ಇದು ಅನ್ವಯ ಎಂದು ಹೇಗೆ ದಾಖಲಿಸಬೇಕು, ಎಲ್ಲ ಬರೆದರು. 2009ರ ಖರ್ಚಿನ ಅರ್ಧ, ಅಂದರೆ 24 ಸಾವಿರ, ನಾನು ಮೂರು ಕಂತಿನಲ್ಲಿ ಕೊಡುವುದೆಂದಾಯಿತು. ಭಾವ ಮೂರು ಕಂತನ್ನೂ ತೆಗೆದುಕೊಂಡು ರಶೀದಿ ಕೊಟ್ಟಿದ್ದಾರೆ. ಬರೆಯುವಾಗ ನಾನು "ಮಾಮೂಲು ಪ್ರಕಾರ" ಎಂದು ಎಲ್ಲೋ ಹೇಳಿದೆ. ಮಧ್ಯಸ್ಥರು ಪೆನ್ನು ಕೆಳಗಿಟ್ಟರು. "ಟೀಚರ್, ಈ ಕಾಗದದಲ್ಲಿ ಆ ಶಬ್ದ ಮಾತ್ರ ಬೇಡ" ಎಂದರು.

ಕೋರ್ಟು ಅದನ್ನು ಒಪ್ಪಿ ಡಿಕ್ರಿ ಮಾಡಿತು. ಮಧ್ಯಸ್ಥಿಕೆಗೆ ನಮ್ಮಿಂದ ಒಂದು ಪೈಸೆ ಫೀಸು ತೆಗೆದುಕೊಳ್ಳಲಿಲ್ಲ.

ಇದು ನಮ್ಮ ಕತೆ. ಈಗ ಊರಿನವರಿಗೆ ಎರಡು ಮಾತು.

ಮಧ್ಯಸ್ಥಿಕೆ ಎಂದರೆ "ಅದು ನಮ್ಮ ಪಂಚಾತಿಕೆಯೇ ಅಲ್ವಾ?" ಎಂದು ತುಂಬ ಜನ ಕೇಳುತ್ತಾರೆ. ಮಾತಾಡಿ ಮುಗಿಸುವುದು ನಮಗೆ ಹೊಸತಲ್ಲ, ನಿಜ. ಊರಿನ ಮುಖ್ಯ ಮನೆತನವಾದ ಗುತ್ತಿನ ಮನೆಯ ಚಾವಡಿಯಲ್ಲಿ ಪಂಚಾತಿಕೆ ನಡೆಯುತ್ತಿತ್ತು. ಮಸೀದಿಯ ಜಮಾಅತ್ ಕಮಿಟಿಗಳಲ್ಲಿ ನಡೆಯುತ್ತದೆ. ಕಡಲ ತೀರದ ಮೀನುಗಾರರಿಗೆ ಕಡಕ್ಕೋಡಿ ಎಂಬ ತಮ್ಮದೇ ಕೂಟ ಇದೆ. ಕಾನತ್ತೂರಿನ ನಾಲ್ವರ್ ದೈವಸ್ಥಾನಕ್ಕೆ ಗಡಿಯಾಚೆಯ ದಕ್ಷಿಣ ಕನ್ನಡದಿಂದಲೂ ಜನ ಜಾಗದ, ಹಣದ ತಕರಾರು ಹೊತ್ತುಕೊಂಡು ಬರುತ್ತಾರೆ. ನಾನು ಅದನ್ನೆಲ್ಲ ಗೌರವಿಸುತ್ತೇನೆ.

ಆದರೆ ಒಂದು ವ್ಯತ್ಯಾಸ ನನ್ನ ಅನುಭವಕ್ಕೆ ಬಂದಿದೆ. 2014ರಲ್ಲಿ ಇದೇ ನೀರಿಗಾಗಿ ನಮ್ಮ ಮನೆಯ ಜಗಲಿಯಲ್ಲಿ ಪಂಚಾತಿಕೆ ಕೂತಿತ್ತು. ಊರಿನ ನಾಲ್ಕು ಮಂದಿ ಹಿರಿಯರು ಬಂದಿದ್ದರು. ಆ ದಿನ ನನ್ನ ಕೆಲಸ ಕಾಫಿ ಕೊಡುವುದು. ಅಕ್ಕ ಬರಲೇ ಇಲ್ಲ. ಹಿರಿಯರು ಒಳ್ಳೆಯ ಮನಸ್ಸಿನಿಂದಲೇ "ಹೀಗೆ ಮಾಡಿ" ಎಂದು ಹೇಳಿದರು. ಭಾವನಿಗೆ ಒಪ್ಪಿಗೆಯಾಗಲಿಲ್ಲ, ಎದ್ದು ಹೋದರು. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಆಮೇಲೆ ಮಾತು ಬದಲಿಸುವುದು ಇಬ್ಬರಿಗೂ ಮರ್ಯಾದೆಯ ಪ್ರಶ್ನೆಯಾಯಿತು.

ತರಬೇತಿ ಪಡೆದ ಮಧ್ಯಸ್ಥರು "ಹೀಗೆ ಮಾಡಿ" ಎಂದು ಹೇಳುವುದಿಲ್ಲ. ಅದಕ್ಕೇ ಅವರು ಕಲಿತಿರುವುದು. ಸುಪ್ರೀಂ ಕೋರ್ಟಿನ ಮಧ್ಯಸ್ಥಿಕೆ ಸಮಿತಿ 2005ರಿಂದ ಇದೆ. ಅದರ ಕ್ರಮದಂತೆ 40 ಗಂಟೆಯ ತರಬೇತಿ ಕೊಡುತ್ತಾರೆ. ಹೇಗೆ ಕೇಳಬೇಕು, ಯಾವಾಗ ಸುಮ್ಮನಿರಬೇಕು, ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಹೇಳದೆ ಇಬ್ಬರನ್ನೂ ಹೇಗೆ ಹತ್ತಿರ ತರಬೇಕು ಎಂಬುದು ಒಂದು ವಿದ್ಯೆ. ಟೀಚರ್ ಕೆಲಸ ಎಲ್ಲರಿಗೂ ಬರುತ್ತದೆ ಎಂದು ಜನ ತಿಳಿದುಕೊಂಡ ಹಾಗೆಯೇ ಇದು ಕೂಡ. ಹೊರಗಿನಿಂದ ನೋಡಿದರೆ ಸುಮ್ನೆ ಕೂತು ಮಾತಾಡಿದ ಹಾಗೆ ಕಾಣುತ್ತದೆ, ಮಾಡುವವರಿಗೆ ಗೊತ್ತು ಅದರ ಕಷ್ಟ.

ಕಾನೂನಿನಲ್ಲೂ ಇದಕ್ಕೆ ಜಾಗ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರ ಜುಲೈ 1ರಿಂದ ಜಾರಿಯಲ್ಲಿದೆ. ರಾಜಿಗೆ ಅವಕಾಶ ಇರುವ ಕೇಸನ್ನು ನ್ಯಾಯಾಧೀಶರು ಮಧ್ಯಸ್ಥಿಕೆಗೆ ಕಳಿಸಬಹುದು. ಎಂತಹ ಕೇಸು ಕಳಿಸಬಹುದು ಎಂದು ಸುಪ್ರೀಂ ಕೋರ್ಟು 2010ರಲ್ಲಿ ಬಿಡಿಸಿ ಹೇಳಿತು. ನೆರೆಕರೆಯವರ ದಾರಿ, ನೀರಿನಂತಹ ಹಕ್ಕಿನ ತಕರಾರು, ಒತ್ತುವರಿ, ಪಾಲಿನ ಜಗಳ ಎಲ್ಲ ಅದರಲ್ಲಿ ಬರುತ್ತದೆ. ಆ ತೀರ್ಪು ಬಂದ ಕೇಸು ಹುಟ್ಟಿದ್ದು ನಮ್ಮ ರಾಜ್ಯದ ಕೊಚ್ಚಿ ಬಂದರಿನ ಒಂದು ಗುತ್ತಿಗೆ ಕೆಲಸದಿಂದ. ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸು ಸಿಗುವ ದಾರಿಯೂ ಇದೆ, ನಿಮ್ಮ ವಕೀಲರಲ್ಲಿ ಕೇಳಿ. 2025ರ ಜುಲೈಯಿಂದ ಸೆಪ್ಟೆಂಬರ್ ತನಕ 90 ದಿನ ದೇಶದ ಎಲ್ಲ ಕಡೆ ಬಾಕಿ ಕೇಸುಗಳನ್ನು ಮಧ್ಯಸ್ಥಿಕೆಗೆ ತರುವ ಅಭಿಯಾನ ನಡೆಯಿತು.

ಎಲ್ಲ ಜಗಳಕ್ಕೂ ಇದು ಮದ್ದು ಎಂದು ನಾನು ಹೇಳುವುದಿಲ್ಲ. ಹೊಡೆತ ತಿಂದ ಹೆಂಗಸನ್ನು "ಸ್ವಲ್ಪ ಹೊಂದಿಕೊಂಡು ಹೋಗಮ್ಮಾ" ಎಂದು ಗಂಡನ ಮನೆಗೆ ವಾಪಸು ಕಳಿಸುವುದು ಮಧ್ಯಸ್ಥಿಕೆ ಅಲ್ಲ. ಹೆದರಿಕೆ ಇರುವಲ್ಲಿ ಒಪ್ಪಿಗೆಗೆ ಬೆಲೆ ಇಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಹಾಗೆ ವಾಪಸು ಹೋದವರಿದ್ದಾರೆ, ಅವರನ್ನು ನೆನೆದು ಹೇಳುತ್ತಿದ್ದೇನೆ. ಅಂಥವರಿಗೆ ಮೊದಲು ಬೇಕಾದದ್ದು ರಕ್ಷಣೆ.

ಇನ್ನು ಅಧಿಕಾರದಲ್ಲಿರುವ ನಿಮ್ಮಲ್ಲಿ ನನ್ನ ಕೋರಿಕೆ.

ನಮಗೆ ಕನ್ನಡ, ತುಳು ಬಲ್ಲ ಮಧ್ಯಸ್ಥರು ಸಿಕ್ಕಿದ್ದು ಅದೃಷ್ಟದಿಂದ. ಅವರು ಕುಂಬಳೆ ಕಡೆಯವರು, ಹಾಗಾಗಿ ನಮ್ಮ ಭಾಷೆ ಬಂತು. ನನ್ನ ಪಕ್ಕದ ಊರಿನ ಒಬ್ಬಾಕೆಗೆ ಆ ಅದೃಷ್ಟ ಇರಲಿಲ್ಲ. ಅವಳ ತವರಿನ ಪಾಲಿನ ಜಗಳವನ್ನು ಕೋರ್ಟಿನ ಹೊರಗೆ ಯಾರೋ ಮುಂದಾಳುಗಳು ಸೇರಿ ಮುಗಿಸಿದರು. ಛಾಪಾ ಕಾಗದದಲ್ಲಿ ಮಲಯಾಳದಲ್ಲಿ ಬರೆದರು. ಓದಲು ಬಾರದ ಅವಳು ಸಹಿ ಹಾಕಿದಳು. ಮನೆಗೆ ಬಂದು ನನ್ನ ಹತ್ತಿರ ತೋರಿಸಿದಳು. ನಾನು ಅಕ್ಷರ ಕೂಡಿಸಿ ಓದಿ, ಮಲಯಾಳಂ ಗೊತ್ತಿದ್ದ ಹುಡುಗನೊಬ್ಬನನ್ನು ಕೇಳಿ ಅರ್ಥ ಮಾಡಿಕೊಂಡೆ. ಬಾವಿಗೆ ಹೋಗುವ ದಾರಿಯ ಹಕ್ಕನ್ನು ಅವಳು ಬಿಟ್ಟುಕೊಟ್ಟಿದ್ದಳು. ಅದು ಅವಳಿಗೇ ಗೊತ್ತಿರಲಿಲ್ಲ. ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಅವಳು ಒಪ್ಪಿದ್ದು ಯಾವುದಕ್ಕೆ ಎಂದು ಕೇಳಿದರೆ ನಾನು ಏನು ಹೇಳಲಿ?

ತೀರ್ಪು ಕೊಡುವವರಿಗೆ ನಮ್ಮ ಭಾಷೆ ಬಾರದಿದ್ದರೆ ದುಭಾಷಿಯನ್ನು ಇಟ್ಟು ಹೇಗಾದರೂ ಸುಧಾರಿಸಬಹುದು. ಮಧ್ಯಸ್ಥಿಕೆ ಹಾಗಲ್ಲ. ಅಲ್ಲಿ ಇರುವುದೇ ಮಾತು. ಗುಟ್ಟಿನಲ್ಲಿ ಹೇಳಬೇಕಾದ್ದನ್ನು ಮೂರನೆಯವರ ಬಾಯಿಂದ ಹೇಳಿಸುವುದು ಹೇಗೆ?

ನಾವು ಈ ಜಾಗಕ್ಕೆ ವಲಸೆ ಬಂದವರಲ್ಲ. 1956ರ ನವೆಂಬರ್ 1ರಂದು ಗಡಿ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿತು, ನಾವು ಇದ್ದಲ್ಲೇ ಇದ್ದೆವು. ನಮ್ಮ ಹಳೆಯ ಪಾಲುಪತ್ರ, ಗೇಣಿಚೀಟು, ಮೂಲಗೇಣಿ ಕಾಗದಗಳು ಕನ್ನಡದಲ್ಲಿವೆ. ಈಗ ಡಿಜಿಟಲ್ ರೀಸರ್ವೆ ಬಂದಿದೆ. ಅಳತೆಯವರು ಬಂದು ಹೋದ ಮೇಲೆ ಅಗಳಿನ, ಬೇಲಿಯ ಎಷ್ಟೋ ಹಳೆಯ ತಕರಾರುಗಳು ತಲೆ ಎತ್ತುತ್ತಿವೆ. ಒಂದು ಮನೆಯವರ ಕೈಯಲ್ಲಿ ಕನ್ನಡದ ಕಾಗದ, ಇನ್ನೊಬ್ಬರ ಕೈಯಲ್ಲಿ ಮಲಯಾಳದ ದಾಖಲೆ. ಇಂತಹ ಜಗಳಕ್ಕೆ ಎರಡೂ ಭಾಷೆ ಬಲ್ಲ ಮಧ್ಯಸ್ಥರು ಬೇಕು. ಭಾಷಾ ಅಲ್ಪಸಂಖ್ಯಾತರಾದ ಕನ್ನಡಿಗರು ಮತ್ತು ತಮಿಳರು ತಮ್ಮ ಭಾಗದ ಸರ್ಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಆ ಕಾಯ್ದೆ ಮಾಡಿದವರ ದೊಡ್ಡ ಮನಸ್ಸನ್ನು ನಾನು ಮರೆತಿಲ್ಲ. ಅದೇ ಮನಸ್ಸು ಮಧ್ಯಸ್ಥಿಕೆಯ ಮೇಜಿಗೂ ಬರಲಿ ಎಂದು ಕೇಳುತ್ತಿದ್ದೇನೆ.

ಏನು ಮಾಡಬಹುದು? ಆ 40 ಗಂಟೆಯ ತರಬೇತಿಯನ್ನು ಒಮ್ಮೆ ಕಾಸರಗೋಡಿನಲ್ಲೇ, ಕನ್ನಡದಲ್ಲಿ ನಡೆಸಿ. ಇಲ್ಲಿ ಕನ್ನಡ, ತುಳು, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವ ವಕೀಲರಿದ್ದಾರೆ. ಕಲಿಸುವವರು ಬೇಕೆಂದರೆ ಗಡಿಯ ತಲಪಾಡಿ ದಾಟಿ ಕರ್ನಾಟಕದಲ್ಲಿ ಕೇಳಬಹುದು. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ, ಕನ್ನಡದಲ್ಲಿ ಈ ಕೆಲಸ ಮಾಡಿ ಪಳಗಿದವರು ಅಲ್ಲಿದ್ದಾರೆ. ಎರಡು ರಾಜ್ಯದ ಹೈಕೋರ್ಟುಗಳು ಮನಸ್ಸು ಮಾಡಿದರೆ ಇದು ಒಂದು ಪತ್ರದಲ್ಲಿ ಮುಗಿಯುವ ಕೆಲಸ ಎಂದು ನನ್ನ ನಂಬಿಕೆ.

ಮಧ್ಯಸ್ಥಿಕೆಗೆ ಬನ್ನಿ ಎಂದು ಕಳಿಸುವ ನೋಟಿಸಿನಲ್ಲಿ ಕನ್ನಡವೂ ಇರಲಿ. "ಇದು ಉಚಿತ. ಒಪ್ಪಿಗೆಯಾಗದಿದ್ದರೆ ಕೇಸಿಗೆ ತೊಂದರೆ ಇಲ್ಲ. ಇಲ್ಲಿ ಹೇಳಿದ್ದು ಗುಟ್ಟಾಗಿರುತ್ತದೆ" ಎಂಬ ಮೂರು ಸಾಲು ಕನ್ನಡದಲ್ಲಿ ಓದಿದ್ದರೆ ನಾನು ಆ ಮೊದಲ ದಿನ ಅಷ್ಟು ಹೆದರುತ್ತಿರಲಿಲ್ಲ. ಒಪ್ಪಂದದ ಕಾಗದವನ್ನು ಸಹಿಗೆ ಮೊದಲು ಅವರವರ ಭಾಷೆಯಲ್ಲಿ ಗಟ್ಟಿಯಾಗಿ ಓದಿ ಹೇಳುವ ಕ್ರಮ ಬರಲಿ. ಒಂದು ಕನ್ನಡ ಪ್ರತಿಯನ್ನು ಕೈಯಲ್ಲಿ ಕೊಡಿ. ವಿದ್ಯಾನಗರದ ಕೋರ್ಟಿಗೆ ಬಾಯಾರಿನಿಂದ, ವರ್ಕಾಡಿಯಿಂದ ಬಸ್ಸು ಬದಲಿಸಿಕೊಂಡು ಬರುವ ಮುದುಕರಿಗಾಗಿ ಮಂಜೇಶ್ವರ ತಾಲೂಕಿನಲ್ಲಿ ತಿಂಗಳಿಗೆ ಎರಡು ದಿನವಾದರೂ ಕೂತುಕೊಳ್ಳುವ ಏರ್ಪಾಡು ಮಾಡಿ.

ಇನ್ನೊಂದು ವಿಷಯದಲ್ಲಿ ನನಗೆ ಜಾಸ್ತಿ ಆಸೆ ಇದೆ. ಸಂಸತ್ತು 2023ರಲ್ಲಿ ಮಧ್ಯಸ್ಥಿಕೆ ಕಾಯ್ದೆ ಮಾಡಿತು. 2023ರ ಸೆಪ್ಟೆಂಬರ್ 14ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಎಲ್ಲ ಕಲಂ ಒಟ್ಟಿಗೆ ಜಾರಿಗೆ ಬರಲಿಲ್ಲ, ಅಕ್ಟೋಬರ್ 9ರಂದು ಕೆಲವು ಮಾತ್ರ ಬಂದವು. ಆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆ ಎಂದು ಒಂದು ಅಧ್ಯಾಯವೇ ಇದೆ. ಒಂದು ಊರಿನ ಜನರ ನಡುವೆ, ಮನೆಗಳ ನಡುವೆ ಶಾಂತಿ ಕೆಡಿಸುವಂತಹ ತಕರಾರನ್ನು ಮೂವರು ಮಧ್ಯಸ್ಥರ ತಂಡ ಕೂತು ಬಗೆಹರಿಸುವ ದಾರಿ ಅದು. ಹಾಗೆ ಆದ ಒಪ್ಪಂದವನ್ನು ಕೋರ್ಟಿನ ಡಿಕ್ರಿಯಂತೆ ಜಾರಿ ಮಾಡಿಸಲು ಆಗುವುದಿಲ್ಲ, ಅದು ಅದರ ಮಿತಿ. ಆದರೂ ಕೋರ್ಟಿಗೆ ಹೋಗುವ ಮೊದಲೇ ಜಗಳ ಊರಿನಲ್ಲೇ ಮುಗಿದರೆ ಎಷ್ಟು ಒಳ್ಳೆಯದು! ಜಗಲಿಯ ಪಂಚಾತಿಕೆಗೆ ತರಬೇತಿಯೂ ಸೇರಿ, ಗುಟ್ಟೂ ಉಳಿದು, ಹೆಂಗಸರಿಗೂ ಕುರ್ಚಿ ಸಿಕ್ಕಿದ ಹಾಗೆ. ಗಡಿನಾಡಿನ ನಮ್ಮ ಪಂಚಾಯತುಗಳಲ್ಲಿ ಇದಕ್ಕೆ ಈಗಲೇ ತಯಾರಿ ಮಾಡಬಹುದು. ಯಾವ ಪಂಚಾಯತಿನಲ್ಲಿ ಯಾವ ಭಾಷೆಯವರು ಎಷ್ಟು ಮಂದಿ ಇದ್ದಾರೆ, ಯಾರ ಮಾತಿಗೆ ಎರಡೂ ಕಡೆಯವರು ಕಿವಿ ಕೊಡುತ್ತಾರೆ ಎಂಬ ಪಟ್ಟಿ ಮಾಡುವುದಕ್ಕೆ ಯಾವ ಅಧಿಸೂಚನೆಯೂ ಬೇಡ ಅಲ್ವಾ?

ವಕೀಲರಲ್ಲೂ ಒಂದು ಮಾತು. ನಿಮ್ಮಲ್ಲಿ ಕೆಲವರು ಮಧ್ಯಸ್ಥಿಕೆಗೆ ಕಳಿಸಿದರೆ ಮುಖ ಸಣ್ಣ ಮಾಡುತ್ತೀರಿ. ನಮ್ಮ ಎರಡೂ ಕಡೆಯ ವಕೀಲರು ಹಾಗೆ ಮಾಡಲಿಲ್ಲ. ಕೊನೆಯ ದಿನ ಕಾಗದದ ಒಂದೊಂದು ಸಾಲನ್ನೂ ಅವರೇ ತಿದ್ದಿ ಗಟ್ಟಿ ಮಾಡಿದರು. ಅವರ ಹತ್ತಿರ ಈಗಲೂ ನಮ್ಮ ಮನೆಯವರು ಸಲಹೆಗೆ ಹೋಗುತ್ತಾರೆ.

ಈ ಸಲ ಮೇ ತಿಂಗಳಲ್ಲಿ ಸುರಂಗದ ಮಣ್ಣು ತೆಗೆಸಿದೆವು. ಖರ್ಚನ್ನು ಎರಡೂ ಮನೆಯವರು ಹಂಚಿಕೊಂಡೆವು. ಭಾವನಿಗೆ ಮೊಣಕಾಲು ನೋವು, ಒಳಗೆ ಇಳಿಯಲು ಆಗುವುದಿಲ್ಲ. ಹೊರಗೆ ಕಲ್ಲಿನ ಮೇಲೆ ಕೂತು ಕೆಲಸದವರಿಗೆ ಹೇಳಿಕೊಡುತ್ತಿದ್ದರು. ಅವರ ಮೊಮ್ಮಗಳು ನನ್ನ ಕೈ ಹಿಡಿದು ದೀಪ ನೋಡುತ್ತಾ ನಿಂತಿದ್ದಳು. ಅವಳಿಗೆ ಈಗ ನಾನು ಕನ್ನಡ ಅಕ್ಷರ ಹೇಳಿಕೊಡುತ್ತಿದ್ದೇನೆ.

ಕೊನೆಗೆ ಒಂದು ವಿಷಯ. ಮಧ್ಯಸ್ಥಿಕೆಯ ನೋಟಿಸು, ಒಪ್ಪಂದದ ನಮೂನೆ, ಜನರಿಗೆ ಹಂಚುವ ಕರಪತ್ರ, ಇವನ್ನೆಲ್ಲ ಕನ್ನಡಕ್ಕೆ ತರಲು ಜನ ಸಿಗುವುದಿಲ್ಲ ಎಂಬ ತೊಂದರೆ ಇದ್ದರೆ ದಯವಿಟ್ಟು ತಿಳಿಸಿ. ನಿವೃತ್ತರಾದ ಕನ್ನಡ ಟೀಚರ್‌ಗಳು, ಮಾಸ್ಟ್ರುಗಳು ನಮ್ಮ ತಾಲೂಕಿನಲ್ಲಿ ಬೇಕಾದಷ್ಟು ಮಂದಿ ಇದ್ದೇವೆ. ಕಾನೂನಿನ ಅರ್ಥ ಕೆಡದ ಹಾಗೆ ನೋಡಿಕೊಳ್ಳಲು ಒಬ್ಬರು ವಕೀಲರನ್ನು ಜತೆಗೆ ಕೊಡಿ. ಉಳಿದದ್ದು ನಾವು ಮಾಡುತ್ತೇವೆ. ಸಂಬಳ ಬೇಡ, ಬಸ್ಸಿನ ಖರ್ಚೂ ಬೇಡ. ವಾರದಲ್ಲಿ ಮೂರು ದಿನ ನಾನು ಬರುತ್ತೇನೆ.

ಇತಿ,
ನಿಮ್ಮ ವಿಶ್ವಾಸಿ,
ಕನ್ನಡ ಶಾಲೆಯ ಒಬ್ಬ ನಿವೃತ್ತ ಟೀಚರ್
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ